ಸ್ತೋತ್ರ ಮತ್ತು ಕುಂಬಳಕಾಯಿ

ನಮ್ಮ ದೊಡ್ಡಮ್ಮನ ಬಾಯಲ್ಲಿ 'ದೇವರಿಗೆ ಸ್ತೋತ್ರ' ಬಾರದ ಗಳಿಗೆಯಿಲ್ಲ. ಗ್ಯಾಸ್ ಸಿಲಿಂಡರ್ ಬಂತು, ಸ್ತೋತ್ರ. ಹಾಲು ಉಕ್ಕುವ ಮೊದಲೇ ಒಲೆಯ ನೆನಪಾಯಿತು, ಸ್ತೋತ್ರ. ಉಕ್ಕಿಯೇ ಹೋಯಿತೆನ್ನಿ, ಕಾಫಿಗಾಗುವಷ್ಟು ಉಳಿಯಿತಲ್ಲ, ಅದಕ್ಕೂ ಸ್ತೋತ್ರ. ಯಾವ ಸ್ಥಿತಿಯಲ್ಲೂ ದೇವರನ್ನು ವಂದಿಸುವುದು ಬಿಡಬಾರದೆಂದು ಪೌಲ ಥೆಸಲೊನೀಕದವರಿಗೆ ಬರೆದದ್ದು ತಮ್ಮ ವಿಳಾಸಕ್ಕೇ ಬಂದ ಕಾಗದವೆಂದು ಅವರು ನಂಬಿದಂತಿದೆ. ಬರೀ ಬಾಯಿಪಾಠ ಎಂದು ಮನೆಯ ಹುಡುಗರು ನಗುತ್ತಾರೆ. ಇರಲಿ ಬಿಡಿ. ಮನಸ್ಸು ತುಂಬಿ ಬಂದ ಮೇಲೆ ವಂದಿಸೋಣವೆಂದು ಕಾಯುತ್ತ ಕೂತರೆ ನನ್ನಂಥವರು ಕ್ರಿಸ್‌ಮಸ್ಸಿಗೊಮ್ಮೆ ವಂದಿಸಿಯೇವು.

ನನಗೆ ಕಸಿವಿಸಿಯಾಗುವುದು ಬೇರೊಂದು ಬಗೆಯ ಸ್ತೋತ್ರ ಕೇಳಿದಾಗ. ಸಾಕ್ಷಿ ಹೇಳುವವರು ಮೈಕ್ ಹಿಡಿದು, ಬಸ್ಸು ಪಲ್ಟಿಯಾಗಿ ಪಕ್ಕದ ಸೀಟಿನವರು ತೀರಿಹೋದರು, ಕರ್ತನು ನನ್ನನ್ನು ಮಾತ್ರ ಉಳಿಸಿದ ಎನ್ನುತ್ತಾರೆ. ಸಭೆಯೆಲ್ಲ 'ಆಮೆನ್' ಅನ್ನುತ್ತದೆ. ಪಕ್ಕದ ಸೀಟಿನವರ ಮನೆಯಲ್ಲಿ ಆ ಭಾನುವಾರ ಏನು ಪ್ರಾರ್ಥಿಸಿದರೋ! ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇಬ್ಬರು ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಾರೆ. ಅಲ್ಲಿ ವಂದನೆ ಸಲ್ಲಿಸುವವನು ಫರಿಸಾಯ, ತಾನು ಉಳಿದವರಂತಲ್ಲ ಎನ್ನುವ ಕಾರಣಕ್ಕೆ. ಸುಂಕದವನು ವಂದನೆಯ ಮಾತನ್ನೇ ಎತ್ತುವುದಿಲ್ಲ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ಯೇಸು ಮೆಚ್ಚಿದ್ದು ಇವನನ್ನು.

ಜರ್ಮನಿಯ ಐಲೆನ್‌ಬುರ್ಗಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾಲಕನಿದ್ದ. ಮೂವತ್ತು ವರ್ಷಗಳ ಯುದ್ಧದ ಕಾಲ. ಕೋಟೆಯೊಳಗೆ ನಿರಾಶ್ರಿತರು ಕಿಕ್ಕಿರಿದಿದ್ದರು. 1637ರಲ್ಲಿ ಪ್ಲೇಗು ಬಂದು ಸಾವಿರಗಟ್ಟಲೆ ಜನ ಸತ್ತರು. ದಿನಕ್ಕೆ ಹತ್ತಾರು ಹೆಣಗಳಿಗೆ ಇವನೇ ಮಣ್ಣು ಮಾಡಿದ, ಹೆಂಡತಿಗೂ ಮಾಡಿದ. ಈತ ಆ ಆಸುಪಾಸಿನಲ್ಲಿ ಬರೆದ ವಂದನೆಯ ಹಾಡನ್ನು ಲೋಕದ ಎಷ್ಟೋ ಸಭೆಗಳು ಈಗಲೂ ಹಾಡುತ್ತವೆ. ಮೊದಲು ಅದು ಮನೆಯ ಊಟದ ಹೊತ್ತಿನ ಪ್ರಾರ್ಥನೆಯಾಗಿತ್ತೆಂದು ಹೇಳುತ್ತಾರೆ. ಹಾಡಿನಲ್ಲಿ 'ನಾವು' ಇದೆ, 'ನಾನೊಬ್ಬ ಉಳಿದೆ' ಇಲ್ಲ.

ಆದರೂ ಕೃತಜ್ಞತೆ ಕಣ್ಣಿಗೆ ಕಾಣಬೇಕೆಂದರೆ ನೀವು ನಮ್ಮ ಸುಗ್ಗಿ ಹಬ್ಬದ ಹರಾಜಿಗೇ ಬರಬೇಕು. ಅಂದು ವೇದಿಕೆಯ ಮುಂದೆ ಬಾಳೆಗೊನೆ, ತೆಂಗಿನಕಾಯಿ, ಕೆಸುವಿನ ಗೆಡ್ಡೆ, ಕಾಲು ಕಟ್ಟಿದ ನಾಟಿಕೋಳಿ. ಫ್ಲ್ಯಾಟಿನಲ್ಲಿರುವವರು ಬೆಳೆ ಎಲ್ಲಿಂದ ತರಬೇಕು? ಬೇಕರಿಯ ಕೇಕ್ ತಂದಿಡುತ್ತಾರೆ. ಅಯ್ಯನವರ ಪ್ರಸಂಗ ತುಸು ಉದ್ದವಾಯಿತೋ, ಕೋಳಿ ಕೊಕ್ಕೊಕ್ಕೋ ಎನ್ನುತ್ತದೆ. ಅದು ಸಭೆಯೆಲ್ಲರ ಪರವಾಗಿ ಆಡಿದ ಮಾತು. ಪ್ರಾರ್ಥನೆ ಮುಗಿದ ಮೇಲೆ ಖಜಾಂಚಿಯವರು ತೋಳು ಮಡಿಸಿ ಕುಂಬಳಕಾಯಿ ಎತ್ತುತ್ತಾರೆ. ನೂರು ರೂಪಾಯಿ, ಇನ್ನೂರು, ಒಂದು ಸಲ, ಎರಡು ಸಲ. ಪೇಟೆಯಲ್ಲಿ ಐವತ್ತಕ್ಕೆ ಸಿಗುವ ಕಾಯಿ ಐನೂರಕ್ಕೆ ಹೋಗುತ್ತದೆ. ಗೆದ್ದವರು ಹಣ ಕೊಟ್ಟು, "ಇನ್ನೊಮ್ಮೆ ಕೂಗಿ" ಎಂದು ಕಾಯಿಯನ್ನು ಮೇಜಿನ ಮೇಲೇ ಇಟ್ಟು ಹೋಗುತ್ತಾರೆ. ಮತ್ತೆ ಕೂಗು, ಮತ್ತೆ ವಾಪಸು. ಬೊಕ್ಕಸ ತುಂಬುವ ಉಪಾಯವಿದು ಎನ್ನುವವರಿದ್ದಾರೆ, ಸುಳ್ಳೇನಲ್ಲ. ಆದರೆ ಮೂರನೇ ಕೂಗಿನ ಹೊತ್ತಿಗೆ ಅದನ್ನು ಬೆಳೆದು ತಂದವರು ಯಾರೆಂದು ಯಾರಿಗೂ ನೆನಪಿರುವುದಿಲ್ಲ. ಈ ಮರೆವು ನನಗೆ ಬಹಳ ಇಷ್ಟ. ಒಂದು ವರ್ಷ ಅದು ಕೊನೆಗೆ ನಮ್ಮ ಮನೆಗೇ ಬಂತು. ವಾರವಿಡೀ ಕುಂಬಳಕಾಯಿ ಪಲ್ಯ ತಿಂದು ಹುಡುಗರು ಗೊಣಗಿದರು, ದೊಡ್ಡಮ್ಮ ಸ್ತೋತ್ರ ಹೇಳಿದರು.

ಕರಾವಳಿಯ ಕಥೊಲಿಕರಿಗೆ ಇದೇ ಬಗೆಯ ಹಬ್ಬ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಕನ್ಯಾಮರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವಾದದ ತೆನೆ ಮನೆಮನೆಗೆ ಬರುತ್ತದೆ. ಹೊಸ ಭತ್ತದ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಡಿದ ಮೇಲೆಯೇ ಊಟ. ಊರಿಗೆ ಬರಲಾಗದ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕೊಲ್ಲಿ ದೇಶಗಳಿಗೂ ಕಳಿಸುತ್ತಾರೆ. ಗದ್ದೆ ಮಾರಿ ಸೈಟು ಮಾಡಿದವರ ಮನೆಗೂ ತೆನೆ ತಪ್ಪದೆ ಹೋಗುತ್ತದೆ.

ಆ ದಿನ ಮಂಗಳೂರಿನ ಗೆಳೆಯರು ಯಾರಾದರೂ ಊಟಕ್ಕೆ ಕರೆದರೆ ತಪ್ಪಿಸಬೇಡಿ. ಮೀನು ಮಾತ್ರ ಕೇಳಬೇಡಿ, ಅಂದು ಎಲೆಯ ಮೇಲೆ ಬರೀ ತರಕಾರಿ.