ಆಟಕ್ಕೆ ಸಂಬಳ

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೋಸಂಬರಿಗೂ ಅನ್ನಕ್ಕೂ ನಡುವೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ತಾವು ಎಲ್ಲಿ ಕೆಲಸದಲ್ಲಿದ್ದೀರಿ?" ಬ್ಯಾಂಕು, ಕಾಲೇಜು, ಸರ್ಕಾರಿ ಕಚೇರಿ ಎನ್ನುವವರು ಒಂದೇ ಮಾತಿನಲ್ಲಿ ಪಾರಾಗಿ ಹುಳಿಯ ಕಡೆಗೆ ಗಮನ ಕೊಡಬಹುದು. ನನಗೆ ಆ ಭಾಗ್ಯವಿಲ್ಲ. "ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಆಡುವ ಆಟಗಳನ್ನು ತಯಾರಿಸುತ್ತೇನೆ" ಎಂದರೆ, ಕೇಳಿದವರು ಎಲೆಯಿಂದ ಕೈ ತೆಗೆದು ನನ್ನ ಮುಖ ನೋಡುತ್ತಾರೆ. "ಅದು ಸರಿ, ಹೊಟ್ಟೆಪಾಡಿಗೆ?" ಎಂದು ಕೇಳಿದ ಹಿರಿಯರೂ ಉಂಟು.

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದ ಮೇಲಂತೂ ನನ್ನ ಮರ್ಯಾದೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. ನಮ್ಮ ಸೋದರತ್ತೆ ಫೋನು ಮಾಡಿ, "ಪೊಲೀಸರು ಬರುವುದಕ್ಕೆ ಮುಂಚೆ ಬಿಟ್ಟುಬಿಡಪ್ಪ. ಧರ್ಮರಾಯನಂಥವನೇ ಕೆಟ್ಟ" ಎಂದರು. ನಮ್ಮದು ಪಣವಿಲ್ಲದ ಆಟ, ಆ ಕಾನೂನಿಗೂ ನನಗೂ ಸಂಬಂಧವಿಲ್ಲ ಎಂದು ವಿವರಿಸಿದೆ. "ಪಣವೂ ಇಲ್ಲವೆ? ಹಾಗಾದರೆ ಯಾರು ಆಡುತ್ತಾರೆ?" ಎಂದುಬಿಟ್ಟರು.

ಇಂಥ ನನ್ನ ಬಳಿಗೆ, ಈ ಫೋನು ಬಂದ ಕೆಲವು ದಿನಗಳ ಮೇಲೆ, ಪಕ್ಕದ ಮನೆಯ ಹುಡುಗ ತನ್ನ ತಂದೆಯೊಡನೆ ಬಂದ. ಎರಡನೆಯ ವರ್ಷದ ಪಿ.ಯು.ಸಿ. ಓದುತ್ತಿದ್ದಾನೆ. "ಅಂಕಲ್, ನನಗೆ ಗೇಮ್ ಅಂದರೆ ಪ್ರಾಣ. ಅದೇ ಕೆಲಸಕ್ಕೆ ಸೇರಬೇಕು" ಎಂದ. ತಂದೆ ಬಾಯಿ ಬಿಡಲಿಲ್ಲ. "ಬೇಡ ಅಂತ ಒಂದು ಮಾತು ಹೇಳಿ ಸ್ವಾಮಿ" ಎಂದು ಕಣ್ಣಿನಲ್ಲೇ ಬೇಡಿಕೊಂಡರು. ನಾನು ಅಡಕತ್ತರಿಯಲ್ಲಿ ಸಿಕ್ಕಿದೆ. ಸೇರು ಎಂದರೂ ಅರ್ಧ ಸುಳ್ಳು, ಬೇಡ ಎಂದರೂ ಅರ್ಧ ಸುಳ್ಳು. "ಭಾನುವಾರ ಬಾ, ಮಾತಾಡೋಣ" ಎಂದು ಕಳುಹಿಸಿ, ಆ ರಾತ್ರಿ ನನ್ನದೇ ಕಥೆಯನ್ನು ಮನಸ್ಸಿನಲ್ಲಿ ತಿರುವಿಹಾಕಿದೆ.

ನಾನು ಈ ಕಸುಬಿಗೆ ಬಿದ್ದದ್ದು 2005ರಲ್ಲಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಎಲ್ಲರಂತೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ವರ್ಷ ದುಡಿದು, ಒಂದು ದಿನ ಅದನ್ನು ಬಿಟ್ಟು, ಅರ್ಧ ಸಂಬಳಕ್ಕೆ ಬೆಂಗಳೂರಿನ ಒಂದು ಪುಟ್ಟ ಆಟದ ಕಂಪನಿಗೆ ಸೇರಿದೆ. ಬೆಂಗಳೂರಿಗೆ ಈ ಉದ್ಯೋಗ ಆಗಲೇ ತೀರ ಹೊಸದಾಗಿರಲಿಲ್ಲ. ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ 1997ರಲ್ಲೇ ಅಲ್ಲಿ ಹುಟ್ಟಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತು. ಆದರೆ ಮನೆಯವರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅಪ್ಪ ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವರು. ತರಗತಿಯಲ್ಲಿ ಆಟವಾಡಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ ನಿವೃತ್ತರಾದವರು. ಅವರ ಮಗನೇ ಆಟಕ್ಕೆ ಸಂಬಳ ತರುತ್ತೇನೆಂದು ಹೊರಟಾಗ, "ನಿನ್ನಿಷ್ಟ" ಎಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ಕಠಿಣವಾದ ಮಾತು ಇರಲಿಲ್ಲ.

ಕೆಲಸವೆಂದರೆ ಆಟವಾಡುವುದು ಎಂದೇ ನಾನೂ ನಂಬಿದ್ದೆ. ಆ ಭ್ರಮೆ ಹರಿಯಲು ಒಂದು ವಾರ ಸಾಕಾಯಿತು. ನನ್ನನ್ನು ಪರೀಕ್ಷಕನೆಂದು ನೇಮಿಸಿಕೊಂಡು, ಒಂದು ಡ್ರಾಯರು ತುಂಬ ಗುಂಡಿಯೊತ್ತುವ ಮೊಬೈಲುಗಳನ್ನು ಕೊಟ್ಟರು. ಒಂದೇ ಆಟ ಅಷ್ಟೂ ಫೋನುಗಳಲ್ಲಿ ನಡೆಯಬೇಕು. ಕೆಲವು ಫೋನುಗಳಲ್ಲಿ ಇಡೀ ಆಟ, ಚಿತ್ರ ಸದ್ದು ಎಲ್ಲ ಸೇರಿ, 64 ಕಿಲೋಬೈಟಿನೊಳಗೆ ಅಡಗಬೇಕು. ಈಗ ನಾವು ಫೋನಿನಲ್ಲಿ ತೆಗೆಯುವ ಒಂದು ಫೋಟೊಕ್ಕೆ ಅದರ ಹತ್ತಾರು ಪಟ್ಟು ಜಾಗ ಬೇಕು. ಆಟದ ಮಧ್ಯೆ ಯಾರಾದರೂ ಫೋನು ಮಾಡಿದರೆ ಆಟ ನಿಂತು, ಮಾತು ಮುಗಿದ ಮೇಲೆ ಬಿಟ್ಟ ಕಡೆಯಿಂದಲೇ ಮುಂದುವರಿಯಬೇಕು. ಅದನ್ನು ನೋಡುವುದಕ್ಕಾಗಿ ನಾನು ಒಂದು ಕೈಯಿಂದ ಆಡುತ್ತ, ಇನ್ನೊಂದು ಕೈಯಿಂದ ನನಗೆ ನಾನೇ ಫೋನು ಮಾಡಿಕೊಳ್ಳುತ್ತಿದ್ದೆ, ದಿನಕ್ಕೆ ನೂರು ಸಲ. ಜಗತ್ತಿನಲ್ಲಿ ನನ್ನಷ್ಟು ಫೋನು ಬರುತ್ತಿದ್ದವನೂ ಇರಲಿಲ್ಲ, ನನ್ನಷ್ಟು ಒಂಟಿಯಾದವನೂ ಇರಲಿಲ್ಲ.

ಆದರೂ ಆ ಎರಡು ವರ್ಷ ನನಗೆ ಅಕ್ಷರಾಭ್ಯಾಸವಾಯಿತು. "ಆಟ ಕೆಟ್ಟಿದೆ" ಎಂದು ಬರೆದರೆ ಯಾರೂ ಕೇಳುವುದಿಲ್ಲ. ಯಾವ ಫೋನು, ಎಷ್ಟನೆಯ ಹಂತ, ಏನು ಒತ್ತಿದಾಗ, ಹತ್ತು ಸಲದಲ್ಲಿ ಎಷ್ಟು ಸಲ ಕೆಟ್ಟಿತು ಎಂದು ಬರೆಯಬೇಕು. ಹಾಗೆ ಬರೆಯುತ್ತ ಬರೆಯುತ್ತ ಆಟದ ಒಳಗಿನ ತೊಲೆ ಕಂಬಗಳು ಕಾಣತೊಡಗಿದವು. ಆಮೇಲೆ ನನ್ನನ್ನು ಆಟದ ಹಂತಗಳನ್ನು ಕಟ್ಟುವ ಕೆಲಸಕ್ಕೆ ಏರಿಸಿದರು. ಅದು ಮನೆಯ ನಕ್ಷೆ ಹಾಕುವವನ ಕೆಲಸ. ಬಣ್ಣ ಬೆಡಗು ಇಲ್ಲದ ಬೂದು ಪೆಟ್ಟಿಗೆಗಳನ್ನು ಜೋಡಿಸಿ, ಆಡುವವನು ಎಲ್ಲಿ ಹತ್ತಬೇಕು, ಎಲ್ಲಿ ಬೀಳಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಗೊತ್ತು ಮಾಡುವುದು. ಅದು ಸರಿಯಾದ ಮೇಲೇ ಚಿತ್ರಕಾರರ ಕೈಗೆ.

2009ರಲ್ಲಿ ನಾನು ಕಟ್ಟಿದ ಒಂದು ಗುಹೆಯನ್ನು ಊರಿಗೆ ತಂದು, ಧೈರ್ಯ ಮಾಡಿ ಅಪ್ಪನ ಮುಂದೆ ಇಟ್ಟೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ: ಆಟ ಕಟ್ಟಿದವನು ಆಡುವವನ ಹಿಂದೆ ಕುಳಿತು ನೋಡಬೇಕು, ಆದರೆ ಬಾಯಿ ಬಿಡಬಾರದು. ಏಕೆಂದರೆ ಆಟವನ್ನು ಕೊಂಡ ಪ್ರತಿಯೊಬ್ಬನ ಮನೆಗೂ ಹೋಗಿ "ಎಡಕ್ಕೆ ತಿರುಗಿ ಸ್ವಾಮಿ" ಎಂದು ಹೇಳಲು ಸಾಧ್ಯವಿಲ್ಲ. ಅಪ್ಪ ಗುಹೆಯಿಂದ ಹೊರಬರುವ ಬಾಗಿಲಿನ ಎದುರಿಗೇ ಹನ್ನೊಂದು ನಿಮಿಷ ಓಡಾಡಿದರು. ಬಾಗಿಲೂ ಗೋಡೆಯೂ ಒಂದೇ ಬಣ್ಣ. ನಾನು ತುಟಿ ಕಚ್ಚಿ ಕುಳಿತಿದ್ದೆ. ಕೊನೆಗೆ ಕನ್ನಡಕ ತೆಗೆದು, "ಬಾಗಿಲು ಎಲ್ಲೋ?" ಎಂದರು. ತೋರಿಸಿದೆ. ಬೈಯುತ್ತಾರೆಂದುಕೊಂಡರೆ, ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಅದನ್ನು ಅಲ್ಲಿ ಇಟ್ಟವನು ನೀನು, ಅದಕ್ಕೇ ನಿನಗೆ ಕಾಣುತ್ತೆ. ಬೋರ್ಡಿನ ಮೇಲೆ ಲೆಕ್ಕ ಬರೆದವನಿಗೆ ಅದು ಸುಲಭ ಅಂತಲೇ ಕಾಣುತ್ತೆ ಕಣೋ. ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿಬಿಟ್ಟೆ."

ಆ ದಿನದಿಂದ ನನ್ನ ಉದ್ಯೋಗ ಏನೆಂಬುದು ಅಪ್ಪನಿಗೆ ತಿಳಿಯಿತು. ನನಗೂ ಅಂದೇ ತಿಳಿದದ್ದು.

ಮುಂದಿನ ಹದಿನಾಲ್ಕು ವರ್ಷಗಳನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು: ಕಂಪನಿಗಳು ಬದಲಾದವು, ಸಂಬಳ ಏರಿತು, ಕೂದಲು ಉದುರಿತು. ಕೊರೋನ ಕಾಲದಲ್ಲಿ ಜಗತ್ತೆಲ್ಲ ಮನೆಯಲ್ಲಿ ಕುಳಿತು ಆಡಿತು; ಆ ಸುಗ್ಗಿ ಹಾಗೆಯೇ ಉಳಿಯುತ್ತದೆಂದು ಕಂಪನಿಗಳು ಜನರನ್ನು ಸೇರಿಸಿಕೊಂಡವು. ಜನ ಮತ್ತೆ ಬೀದಿಗೆ ಬಂದರು, ಸಾಲದ ಬಡ್ಡಿ ಏರಿತು. 2023 ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಈ ಉದ್ಯಮದಲ್ಲಿ ಸುಮಾರು ಹತ್ತು ಸಾವಿರ ಮಂದಿ ಕೆಲಸ ಕಳೆದುಕೊಂಡರೆಂದು ಲೆಕ್ಕ. ಆ ಹತ್ತು ಸಾವಿರದಲ್ಲಿ ನಾನೂ ಒಬ್ಬ. ಮೈಸೂರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ ಕಾಲು ಗಂಟೆಯ ಸಭೆ, ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಹೇಳಲು ನಾಲಿಗೆ ಏಳಲಿಲ್ಲ. ಬಾಗಿಲು ಹಾಕಿಕೊಂಡು ಖಾಲಿ ಪರದೆಯ ಮುಂದೆ ಕೂರುತ್ತಿದ್ದೆ. ಎರಡು ವಾರ ಕಳೆದ ಮೇಲೆ ಅವರೇ ಕಾಫಿ ಕುಡಿಯುತ್ತ, "ಏನೋ, ನಿನ್ನ ಕೋಣೆಯಿಂದ ಇಂಗ್ಲಿಷೇ ಕೇಳಿಸುತ್ತಿಲ್ಲ?" ಎಂದರು. ಎಲ್ಲ ಹೇಳಿಕೊಂಡೆ.

ಅವರು ಸಮಾಧಾನ ಹೇಳಲಿಲ್ಲ. ಒಳಗೆ ಹೋಗಿ ಅಮ್ಮನ ಕಾಲದ ಕವಡೆಗಳನ್ನು ತಂದು, ನೆಲದ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು, "ಬಾ, ಚೌಕಾಬಾರ ಆಡೋಣ" ಎಂದರು. ಆಡುತ್ತ ಆಡುತ್ತ ಮುಮ್ಮಡಿ ಕೃಷ್ಣರಾಜ ಒಡೆಯರ ಮಾತು ಬಂತು. 1831ರಲ್ಲಿ ಇಂಗ್ಲಿಷರು ರಾಜ್ಯಭಾರವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಮಹಾರಾಜರಿಗೆ ಪಟ್ಟ ಉಳಿಯಿತು, ಕೆಲಸ ಉಳಿಯಲಿಲ್ಲ. ಅವರು ಹೊಸ ಹೊಸ ಆಟಗಳನ್ನು ಕಟ್ಟಿದರು. ಅವರು ಕಟ್ಟಿದ ಇಸ್ಪೀಟಿನ ಆಟಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆಗಳು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಇಳಿಸುವ ದಾರಿಗಳನ್ನು ಕಂಡುಹಿಡಿದರು. "ರಾಜರಿಗೇ ಹಾಗಾಯಿತು, ನೀನು ಯಾವ ಲೆಕ್ಕ?" ಎಂದು ಅಪ್ಪ ನನ್ನ ಕಾಯಿಯನ್ನು ಕಡಿದರು.

ಹಾಗೆ ಹುಟ್ಟಿತು ನಮ್ಮ ಚೌಕಾಬಾರ. ಕೆಲಸ ಹೋದ ಇಬ್ಬರು ಗೆಳೆಯರೊಡನೆ ಅದನ್ನು ಫೋನಿಗೆ ಇಳಿಸಿದೆ. ಅಪ್ಪನೇ ಪರೀಕ್ಷಕರು. ಮೊದಲ ದಿನವೇ ದೂರು: "ನಿನ್ನ ಯಂತ್ರ ಮೋಸ ಮಾಡುತ್ತೆ. ಬಾರ ಬೀಳುವುದೇ ಇಲ್ಲ." ನಾಲ್ಕು ಕವಡೆಯೂ ಬೋರಲು ಬಿದ್ದರೆ ಬಾರ, ನಮ್ಮ ಯಂತ್ರದ ಲೆಕ್ಕದಲ್ಲಿ ಅದು ಹದಿನಾರಕ್ಕೆ ಒಂದು ಸಲ ಬೀಳಬೇಕು. ಅಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ನೂರು ಸಲದ ಲೆಕ್ಕ ಬರೆದರು. ಆರು ಸಲ ಬಿದ್ದಿತ್ತು. "ಲೆಕ್ಕ ಸರಿಯಾಗಿದೆ. ಆದರೂ ಮೋಸ ಅನ್ನಿಸುತ್ತೆ. ಕವಡೆ ಉರುಳುವುದು ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು" ಎಂದರು. ಉರುಳಿಸಿದೆವು, ಸದ್ದು ಸೇರಿಸಿದೆವು. ದೂರು ನಿಂತಿತು. ಆಟ 2024ರಲ್ಲಿ ಹೊರಬಂತು. ಅದರ ಆದಾಯ ನಮ್ಮ ಮನೆಯ ಕರೆಂಟು ಬಿಲ್ಲಿಗೆ ಸಾಕು, ಬೇಳೆಗೆ ಸಾಲದು. ಬೇಳೆಗಾಗಿ ಈಗಲೂ ಹೊರದೇಶದವರ ಆಟಗಳಿಗೆ ಗುತ್ತಿಗೆಯ ಮೇಲೆ ಹಂತಗಳನ್ನು ಕಟ್ಟಿಕೊಡುತ್ತೇನೆ.

ಭಾನುವಾರ ಹುಡುಗ ಬಂದ, ತಂದೆಯೂ ಬಂದರು. ಇದ್ದುದನ್ನು ಇದ್ದ ಹಾಗೆ ಹೇಳಿದೆ. "ಪ್ರೋಗ್ರಾಂ ಬರೆಯುವವರು, ಚಿತ್ರ ಬಿಡಿಸುವವರು, ಸದ್ದು ಕೂಡಿಸುವವರು, ತಪ್ಪು ಹುಡುಕುವವರು ಬೇಕು; ಆಡುವವರು ಬೇಕಾಗಿಲ್ಲ, ಅವರು ದುಡ್ಡು ಕೊಟ್ಟು ಆಡುತ್ತಾರೆ. ನಲವತ್ತರ ಮೇಲೆ ಕೆಲಸ ಹೋಗಬಹುದು. ಓದು ಬಿಡಬೇಡ. ಸ್ಟಾರ್ಡ್ಯೂ ವ್ಯಾಲಿ ಎಂಬ ಆಟವನ್ನು ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ಕುಳಿತು ಮಾಡಿ 2016ರಲ್ಲಿ ಹೊರತಂದ. ಕಂಪ್ಯೂಟರ್ ಪದವಿ ಇದ್ದೂ ಆ ದಿನಗಳಲ್ಲಿ ಸಂಜೆ ರಂಗಮಂದಿರದಲ್ಲಿ ಜನರಿಗೆ ಆಸನ ತೋರಿಸುವ ಕೆಲಸ ಮಾಡಿದ. ಅವನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಮಾಡಿಯೂ ಮಾರಾಟವಾಗದವರ ಹೆಸರು ಯಾರಿಗೂ ಗೊತ್ತಿಲ್ಲ. ಗೋಡೋ ಎಂಬ ಸಲಕರಣೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಒಂದು ಆಟ ಮಾಡು. ಐದು ನಿಮಿಷದ್ದಾದರೂ ಸರಿ, ಆದರೆ ಮುಗಿಸಬೇಕು. ಮುಗಿಸಿ ತಾ." ತಂದೆಯ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು. ಹುಡುಗ ಮುಗಿಸಲಾರ ಎಂದು ಅವರ ಎಣಿಕೆ. ನನ್ನದೂ ಹೆಚ್ಚು ಕಡಿಮೆ ಅದೇ.

ಮೂರು ತಿಂಗಳ ಮೇಲೆ ಹುಡುಗ ಬಂದ. ಅಳಿಲೊಂದು ತೆಂಗಿನ ಮರ ಹತ್ತುವ ಆಟ. ಅಳಿಲಿಗೆ ಬಾಲ ಸರಿಯಾಗಿ ಕೂತಿರಲಿಲ್ಲ, ಆದರೆ ಮೊದಲಿತ್ತು, ಕೊನೆಯಿತ್ತು. ನಾನು ಆಡಲಿಲ್ಲ. ಅಪ್ಪನ ಮುಂದೆ ಇಟ್ಟೆ. ಅವರಿಗೆ ಈಗ ಕಣ್ಣು ಮಂಜು. ಮೂಗು ಪರದೆಗೆ ತಾಗುವಂತೆ ಕುಳಿತು ಆಡಿದರು. ಎರಡನೆಯ ಗರಿಯ ಹತ್ತಿರ ಅಳಿಲು ನಿಂತಿತು. ದಾರಿ ಕಾಣದು. ಹುಡುಗ ಬಾಯಿ ತೆರೆದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅವನ ತಂದೆ ಯಾರಿಗೂ ಕಾಣದೆಂದುಕೊಂಡು ಕತ್ತು ಚಾಚಿ ಪರದೆಯನ್ನೇ ನೋಡುತ್ತಿದ್ದರು. ಒಂದು ನಿಮಿಷ, ಎರಡು ನಿಮಿಷ. ಹುಡುಗನ ಹೆಗಲು ನನ್ನ ಕೈಯ ಕೆಳಗೆ ಬಿಗಿಯಾಗುತ್ತಿತ್ತು.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ದಾರಿಯನ್ನ ಎಲ್ಲಿಟ್ಟಿದ್ದೀಯ ಮಗು?"

ಹುಡುಗ ನನ್ನ ಕಡೆ ನೋಡಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು, ಏನನ್ನೋ ಗುರುತು ಹಾಕಿಕೊಂಡ.