ಲಘು, ಗುರು ಮತ್ತು ಎರಡು ಆಸನದ ಕಾರು

ಕಳೆದ ತಿಂಗಳು ಬಿ.ಎ. ದ್ವಿತೀಯ ವರ್ಷದ ಛಂದಸ್ಸಿನ ತರಗತಿಯಲ್ಲಿ ಪ್ರಸ್ತಾರ ಹಾಕುವುದನ್ನು ಹೇಳಿಕೊಡುತ್ತಿದ್ದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸರ್, ಹೊರಗೆ ನಿಂತಿರುವ ನಿಮ್ಮ ಕಾರು ಲಘುವೋ ಗುರುವೋ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಅದರ ಬೆನ್ನಿಗೇ ಬಂದ ಎರಡನೆಯ ಪ್ರಶ್ನೆಗೆ ನಗಲಾಗಲಿಲ್ಲ: "ಅಷ್ಟು ಹಳೆಯ ಗಾಡಿಗೆ ಪರಿಸರ ತೆರಿಗೆ ಕಟ್ಟಿ ಮತ್ತೆ ಐದು ವರ್ಷ ಇಟ್ಟುಕೊಂಡಿರಲ್ಲ, ಯಾಕೆ ಸರ್?" ಅಂದು ಗಂಟೆ ಬಾರಿಸಿದ್ದರಿಂದ ಪಾರಾದೆ. ವಿಭಾಗದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದಾರಾದ್ದರಿಂದ ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು 2003ರಿಂದ 2007ರವರೆಗೆ ಮಸ್ಕತ್ತಿನ ಭಾರತೀಯ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದೆನೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕನ್ನಡ ಎಂ.ಎ. ಮಾಡಿದವನು ಹಿಂದಿ ಕಲಿಸಲು ಅರಬ್ಬರ ನಾಡಿಗೆ ಹೋದದ್ದು ಹೊಟ್ಟೆಪಾಡಿಗಾಗಿ. ಅದರಲ್ಲಿ ಬೇರೆ ಗುಟ್ಟೇನೂ ಇಲ್ಲ. ಅಲ್ಲಿ ನನ್ನ ನೆರೆಮನೆಯಲ್ಲಿದ್ದ ಎಂಜಿನಿಯರೊಬ್ಬರ ಬಳಿ ಮಾಜ್ದಾ ಎಂ.ಎಕ್ಸ್.-5 ಎಂಬ ಎರಡು ಆಸನದ ತೆರೆದ ಕಾರಿತ್ತು. ಶುಕ್ರವಾರದ ಬೆಳಗಿನಲ್ಲಿ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ರಾಹ್ ಕಡಲ ದಂಡೆಯ ಮೇಲೆ, ಬೋಳು ಗುಡ್ಡಗಳ ತಿರುವುಗಳಲ್ಲಿ ಹೋಗುತ್ತಿದ್ದರು. ಅತಿ ವೇಗವೇನೂ ಇರುತ್ತಿರಲಿಲ್ಲ. ಆದರೂ ಕಾರು ತಿರುವಿಗೆ ಬಾಗುವ ರೀತಿ, ನಿಲ್ಲೆಂದಾಗ ನಿಲ್ಲುವ ರೀತಿ ನನಗೆ ಹೊಸದಾಗಿತ್ತು.

ಅವರೇ ನನಗೆ ಹಗುರ ಕಾರುಗಳ ಶಾಸ್ತ್ರವನ್ನು ಹೇಳಿಕೊಟ್ಟವರು. ಲೋಟಸ್ ಕಾರುಗಳನ್ನು ಕಟ್ಟಿದ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಎಂಬಾತನ ನಂಬಿಕೆ ಇಷ್ಟೇ: ಎಂಜಿನ್ನಿಗೆ ಶಕ್ತಿ ಕೂಡಿಸಿದರೆ ನೇರ ದಾರಿಯಲ್ಲಿ ಮಾತ್ರ ಲಾಭ, ಗಾಡಿಯಿಂದ ತೂಕ ಕಳೆದರೆ ಎಲ್ಲೆಡೆಯೂ ಲಾಭ. ತೂಕ ಕಡಿಮೆಯಾದರೆ ಓಡಿಸಲು ಸಣ್ಣ ಎಂಜಿನ್ ಸಾಕು, ಸಣ್ಣ ಎಂಜಿನ್ನಿಗೆ ಸಣ್ಣ ಬ್ರೇಕು ಸಾಕು, ಅವೆರಡನ್ನು ಹೊರಲು ಇನ್ನೂ ಹಗುರವಾದ ಚೌಕಟ್ಟು ಸಾಕು. ಒಂದು ಭಾರವನ್ನು ಬಿಟ್ಟರೆ ಅದು ತನ್ನ ಹಿಂದೆ ನಾಲ್ಕು ಭಾರಗಳನ್ನು ಕರೆದುಕೊಂಡು ಹೋಗುತ್ತದೆ. 1996ರಲ್ಲಿ ಬಂದ ಲೋಟಸ್ ಎಲೀಸ್ ಕಾರಿನ ತೂಕ ಮುಕ್ಕಾಲು ಟನ್ನಿನ ಆಸುಪಾಸು. 1989ರಲ್ಲಿ ಮೊದಲು ಕಾಣಿಸಿಕೊಂಡ ಮಾಜ್ದಾ ಒಂದು ಟನ್ನಿನೊಳಗೇ ಇತ್ತು. ಸವಾರ ಮತ್ತು ಕುದುರೆ ಒಂದೇ ಮೈಯಾಗಬೇಕು ಎಂಬರ್ಥದ ಜಪಾನಿ ನುಡಿಗಟ್ಟನ್ನು ಅದರ ನಿರ್ಮಾಪಕರು ತಮ್ಮ ಧ್ಯೇಯವಾಗಿ ಹೇಳಿಕೊಳ್ಳುತ್ತಾರೆ. ಮಾಳೇಗಾಂವದ ಖಂಡೋಬನ ಜಾತ್ರೆಯಲ್ಲಿ ಕುದುರೆಗಳ ಸಾಲುಗಳನ್ನು ನೋಡುತ್ತ ಬೆಳೆದ ನನಗೆ ಆ ಮಾತು ಬಿಡಿಸಿ ಹೇಳಬೇಕಾದದ್ದಾಗಿರಲಿಲ್ಲ.

ಊರಿಗೆ ಮರಳುವಾಗ ಅಂಥದೊಂದು ಕಾರು ಬೇಕೆಂಬ ಹುಚ್ಚು ಹಿಡಿದಿತ್ತು. ಮಸ್ಕತ್ತಿನಿಂದಲೇ ತರುವುದು ಸಾಧ್ಯವಿರಲಿಲ್ಲ. ಅಲ್ಲಿನ ಕಾರುಗಳಿಗೆ ಚುಕ್ಕಾಣಿ ಎಡಕ್ಕೆ. ಹೊರದೇಶದಿಂದ ತರುವ ಬಳಸಿದ ಕಾರಿನ ಚುಕ್ಕಾಣಿ ಬಲಕ್ಕಿರಬೇಕು, ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಮುಂಬಯಿ ಬಂದರಿನಲ್ಲೇ ಇಳಿಯಬೇಕು ಎಂಬುದು ನಮ್ಮ ನಿಯಮ. ಇವೆಲ್ಲ ಒದಗಿದರೂ ಸುಂಕ ಕಾರಿನ ಬೆಲೆಯನ್ನು ಮೀರುತ್ತಿತ್ತು. ಅಣ್ಣ ಹತ್ತು ಜನ ಹಿಡಿಸುವ ಜೀಪು ಕೊಳ್ಳು ಎಂದ. ಗೆಳೆಯರು ಮಾರುತಿ 800 ಸಾಕು ಎಂದರು. ಲೆಕ್ಕ ಹಾಕಿ ನೋಡಿದರೆ ಗೆಳೆಯರ ಮಾತೇ ಸರಿ. ಆ ಪುಟ್ಟ ಕಾರಿನ ತೂಕ ಸುಮಾರು 650 ಕಿಲೋ, ನಾನು ಮೋಹಿಸಿದ ಮಾಜ್ದಾಕ್ಕಿಂತ ಎಷ್ಟೋ ಹಗುರ. ಆದರೂ ಅದು ನನಗೆ ಬೇಡವಾಗಿತ್ತು. ಏಕೆ ಬೇಡವೆಂದು ಆಗ ಹೇಳಲಾರದವನಾಗಿದ್ದೆ.

ಕೊನೆಗೆ ಬೆಂಗಳೂರಿನಲ್ಲಿ ಸಿಕ್ಕಿದ್ದು ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಸಮೂಹದವರು ಗೋವಾದಲ್ಲಿ ತಯಾರಿಸಿದ ಈ ಕಾರು ಶತಮಾನ ಬದಲಾಗುವ ಹೊತ್ತಿನಲ್ಲಿ ಕೆಲವೇ ಕೆಲವರ ಕೈ ಸೇರಿತ್ತು. ಗಾಜಿನ ನಾರಿನ ಮೈ, ಒಳಗೆ ರೆನೋ ಕಂಪನಿಯ 1149 ಸಿ.ಸಿ. ಎಂಜಿನ್, ಸುಮಾರು 60 ಅಶ್ವಶಕ್ತಿ, ಎರಡೇ ಆಸನ, ತೆರೆಯಬಲ್ಲ ಬಟ್ಟೆಯ ಮೇಲ್ಛಾವಣಿ. ನಾನು ಕೊಂಡಾಗ ಅದಕ್ಕೆ ಏಳು ವರ್ಷ ತುಂಬಿತ್ತು. ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬೇಕಾದರೆ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿನ ತೆರಿಗೆ ಕಟ್ಟಿ, ಹೊಸ ಸಂಖ್ಯೆ ಪಡೆಯಬೇಕು. ಹಾಗೆ ಕೆ.ಎ. ಎಂದಿದ್ದ ಫಲಕ ಎಂ.ಎಚ್. 24 ಆಯಿತು. ಭಾಲ್ಕಿ ತಾಲೂಕಿನ ಸೋದರಮಾವನ ಊರಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಎಂಟನೆಯದಕ್ಕೆ ಔರಾದ ಶಹಾಜನಿಯ ಮರಾಠಿ ಶಾಲೆಗೆ ಬಂದು ಕುಳಿತವನು ನಾನು. ನನ್ನ ಫಲಕವೂ ಒಮ್ಮೆ ಬದಲಾದದ್ದೇ. 1956ಕ್ಕೆ ಮುನ್ನ ನಮ್ಮ ನಿಲಂಗಾ, ಉದಗೀರ ತಾಲೂಕುಗಳೇ ಬೀದರ ಜಿಲ್ಲೆಯಲ್ಲಿದ್ದವು. ಮಣ್ಣಿನ ಫಲಕವೂ ಬದಲಾದದ್ದೇ.

ಊರು ಕಾರನ್ನು ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿತು: "ಹಲಕೀ ಗಾಡೀ." ವಿದ್ಯಾರ್ಥಿಗಳೇ, ಈ ಶಬ್ದವನ್ನು ಗಮನಿಸಿ. ಮರಾಠಿಯಲ್ಲಿ ಹಲಕಾ ಎಂದರೆ ತೂಕವಿಲ್ಲದ್ದು, ಕೀಳಾದದ್ದು ಎರಡೂ ಹೌದು. ನಮ್ಮ ಕಡೆಯ ಕನ್ನಡಕ್ಕೆ ಅದು ಬಂದಾಗ ಎರಡನೆಯ ಅರ್ಥವನ್ನೇ ಹೊತ್ತು ಬಂತು. 'ಹಲ್ಕಾ ಮನುಷ್ಯ' ಎಂದರೆ ನೀಚ. ಹಾಗೆಂದು ಕನ್ನಡವೇನೂ ನಿರ್ದೋಷಿಯಲ್ಲ. 'ಹಗುರವಾಗಿ ಮಾತಾಡಬೇಡ' ಎನ್ನುತ್ತೇವೆ. ಗೌರವ ಎಂಬ ಶಬ್ದವೇ ಗುರುವಿನಿಂದ, ಅಂದರೆ ಭಾರದಿಂದ, ಹುಟ್ಟಿದ್ದು. ನಮ್ಮ ಎರಡೂ ನುಡಿಗಳು ಭಾರವನ್ನು ಮನ್ನಿಸಿ ಹಗುರವನ್ನು ಹೀಗಳೆಯುತ್ತವೆ. ನಮ್ಮ ಮನೆಗಳೂ ಹಾಗೆಯೇ ಇದ್ದವು.

ಆ ಮನೆಗಳನ್ನು ನೀವು ನೋಡಿರಲಾರಿರಿ. ಎರಡು ಅಡಿಗೂ ಮಿಕ್ಕ ದಪ್ಪದ, ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ಗೋಡೆ. ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುನ್ನ ಸೋರದಿರಲೆಂದು ಮತ್ತೊಂದು ಪದರ ಮಣ್ಣು ಹಾಕುತ್ತಿದ್ದರು. ವರ್ಷದಿಂದ ವರ್ಷಕ್ಕೆ ಮಾಳಿಗೆ ಬೆಳೆಯುತ್ತಿತ್ತು. ಗೋಡೆ ದಪ್ಪವಾದಷ್ಟೂ ಮನೆತನ ದೊಡ್ಡದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆ ಹೊಡೆಯುವ ಮುನ್ನ, ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದಾಗ, ಕಿಲ್ಲಾರಿ, ಸಾಸ್ತೂರಗಳ ನೆಲ ನಡುಗಿತು. ಸಾವಿರಾರು ಜನ ಸತ್ತರು, 52 ಹಳ್ಳಿಗಳು ನೆಲಸಮವಾದವು. ಕೊಂದದ್ದು ನೆಲವಲ್ಲ, ಮಾಳಿಗೆ. ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧವೆಂದು ಶಾಲೆಯಲ್ಲಿ ಓದಿದ್ದೇವೆ. ನೆಲ ಅಲುಗಿದಾಗ ಯಾವ ಮನೆ ಹೆಚ್ಚು ತೂಗುತ್ತದೋ ಆ ಮನೆಯ ಮೇಲೆ ಹೆಚ್ಚು ಬಲ ಬೀಳುತ್ತದೆ. ಮಸ್ಕತ್ತಿನ ತಿರುವಿನಲ್ಲಿ ಹಗುರ ಕಾರನ್ನು ಸಲೀಸಾಗಿ ಬಾಗಿಸಿದ್ದೂ ಇದೇ ಸೂತ್ರ.

ಸಾಸ್ತೂರಿನಲ್ಲಿ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ತನ್ನ ಮನೆಯ ಮಾಳಿಗೆಯ ಕೆಳಗೆ ಉಳಿದಳು. ಅಂದಿನಿಂದ ಅವ್ವ ಮಣ್ಣಿನ ಮಾಳಿಗೆಯ ಕೆಳಗೆ ಮಲಗಲಿಲ್ಲ. ಅಂಗಳದಲ್ಲಿ ಪತ್ರಾಸಿನ ಚಪ್ಪರ ಹಾಕಿಕೊಟ್ಟೆವು. ಮಳೆಯಿರಲಿ ಚಳಿಯಿರಲಿ ಅಲ್ಲಿಯೇ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮುನ್ನ ಕತ್ತೆತ್ತಿ ಮೇಲೆ ನೋಡುತ್ತಿದ್ದಳು.

ಕಾರು ಬಂದ ದಿನ ನಾನು ಅವಳನ್ನು ಮೊದಲು ಕೂರಿಸಿದೆ. ಛಾವಣಿ ತೆರೆದೇ ಇತ್ತು. ಅಭ್ಯಾಸಬಲದಿಂದ ಕತ್ತೆತ್ತಿದಳು. ಮೇಲೆ ಆಕಾಶ. ಸ್ವಲ್ಪ ಹೊತ್ತು ಹಾಗೆಯೇ ನೋಡಿ, "ತಲಿ ಮ್ಯಾಲ ಏನೂ ಇಲ್ಲ. ಛಲೋ ಅದ. ಮುಚ್ಚಬ್ಯಾಡ" ಎಂದಳು. ಮಾರುತಿ 800 ಏಕೆ ಬೇಡವಾಗಿತ್ತೆಂಬುದು ನನಗೆ ಆಗ ತಿಳಿಯಿತು.

ಮುಂದಿನ ಹತ್ತು ವರ್ಷ ಆ ಎರಡನೆಯ ಆಸನ ಅವಳದಾಯಿತು. ತಿಂಗಳಿಗೊಮ್ಮೆ ಭಾಲ್ಕಿ ದಾರಿಯಾಗಿ ಬೀದರಿಗೆ, ಔಷಧಿಗೆಂದು. ಕಪ್ಪು ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ನಮ್ಮ ರಸ್ತೆಗಳು ಅಲೆಯಲೆಯಾಗಿರುತ್ತವೆ. ತಗ್ಗಾದ ಕಾರನ್ನು ಅವುಗಳ ಮೇಲೆ ಓಡಿಸುವುದೆಂದರೆ ತುಂಬಿದ ಕೊಡ ಹೊತ್ತು ನಡೆದಂತೆ. ಒಮ್ಮೆ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ನಾನೇ ಕಲ್ಲಿಗೆ ತಾಗಿಸಿದೆ. ಗಾಜಿನ ನಾರಿನ ಮೈ ತಗಡಿನಂತೆ ತಗ್ಗಾಗುವುದಿಲ್ಲ, ಸೀಳುತ್ತದೆ. ನೀರಿನ ತೊಟ್ಟಿಗಳನ್ನು ರಿಪೇರಿ ಮಾಡುವವನೊಬ್ಬ ನಾರಿನ ಚಾಪೆಯ ತುಂಡಿಟ್ಟು, ರಾಳ ಹಚ್ಚಿ, ಒಣಗಿಸಿ, ಉಜ್ಜಿ ಸರಿಮಾಡಿಕೊಟ್ಟ. ಮನೆಯಲ್ಲಿ ಮರಾಠಿ ಮಾತಾಡುವ ಸೊಸೆ, ಮೊಮ್ಮಗಳ ನಡುವೆ ಅವ್ವನ ಕನ್ನಡ ಕಡಿಮೆಯಾಗಿತ್ತು. ಕಾರಿನಲ್ಲಿ ನಾವಿಬ್ಬರೇ. ಊರು ದಾಟುತ್ತಲೇ ಅವಳ ಮಾತು ಬಿಚ್ಚಿಕೊಳ್ಳುತ್ತಿತ್ತು. ಬಿತ್ತನೆಯ, ಬೀಸುವ ಕಲ್ಲಿನ, ಹೆರಿಗೆಯ, ಹಬ್ಬದ ಶಬ್ದಗಳು. ಉಪಭಾಷೆಯ ಪಾಠದಲ್ಲಿ ನಾನು ನಿಮಗೆ ಕೊಡುವ ಉದಾಹರಣೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ದಾರಿಯಲ್ಲಿ ಕೇಳಿದವು.

ಇಲ್ಲಿಗೆ ನಿಲ್ಲಿಸಿದರೆ ಇದು ಹಗುರತನದ ಸ್ತೋತ್ರವಾದೀತು. ಇನ್ನೊಂದು ದಿನದ ಮಾತನ್ನೂ ಹೇಳಬೇಕು. ನಿಲಂಗಾದಲ್ಲಿ ಒಂದು ಮದುವೆ. ಅವ್ವನನ್ನು ಕೂರಿಸಿಕೊಂಡು ನಾನು ಕಾರಿನಲ್ಲಿ ಹೋದೆ; ಹೆಂಡತಿ ಮತ್ತು ಹತ್ತು ವರ್ಷದ ಮಗಳು ಎಸ್.ಟಿ. ಬಸ್ಸಿನಲ್ಲಿ ಬಂದರು. ಮಂಟಪದ ಮುಂದೆ ಬೀಗರು ನನ್ನ ಕಾರಿನ ಸುತ್ತ ನಿಂತು, ಇಷ್ಟು ಹಗುರವೇ ಎಂದು ಬೆರಗುಪಡುತ್ತಿದ್ದಾಗ ಅವರಿಬ್ಬರು ಆಹೇರಿನ ಚೀಲ, ಬಟ್ಟೆಯ ಪೆಟ್ಟಿಗೆ ಹೊತ್ತು, ಧೂಳು ಮೆತ್ತಿದ ಮುಖದಿಂದ ನಡೆದು ಬಂದರು. ಹೆಂಡತಿ ಚೀಲವನ್ನು ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು: "ಗಾಡೀ ಹಲಕೀ ಆಹೇ, ಕಾರಣ ಓಝಂ ಎಸ್.ಟೀ.ತ ಆಹೇ." ಗಾಡಿ ಹಗುರವಾಗಿದೆ, ಏಕೆಂದರೆ ಹೊರೆ ಬಸ್ಸಿನಲ್ಲಿದೆ.

ಎಲ್ಲರೂ ನಕ್ಕರು. ನನಗೆ ಆ ದಿನ ಊಟ ಸೇರಲಿಲ್ಲ. ನೆರೆಯ ಎಂಜಿನಿಯರು ಹೇಳಿದ ಶಾಸ್ತ್ರದಲ್ಲಿ ಇದೊಂದು ಬಿಟ್ಟುಹೋಗಿತ್ತು. ಗಾಡಿಯಿಂದ ಕಳೆದ ತೂಕ ಎಲ್ಲಿಗೂ ಹೋಗದೆ ಮಾಯವಾಗುತ್ತದೆಂದು ನಾನು ತಿಳಿದಿದ್ದೆ. ಹಿಂದಿನ ಆಸನವನ್ನು ತೆಗೆದಾಗ ಅಲ್ಲಿ ಕೂರಬೇಕಾದವರು ಇಲ್ಲವಾಗುವುದಿಲ್ಲ. ಅವರು ಬಸ್ ನಿಲ್ದಾಣದಲ್ಲಿರುತ್ತಾರೆ. ಮಸ್ಕತ್ತಿನ ನಾಲ್ಕು ವರ್ಷವೂ ಹೀಗೆಯೇ ಅಲ್ಲವೇ? ನಾನು ಒಂದು ಪೆಟ್ಟಿಗೆ ಹಿಡಿದು ಹಗುರಾಗಿ ವಿಮಾನ ಹತ್ತಿದ್ದೆ. ಅಂಗಳದ ಚಪ್ಪರದಲ್ಲಿ ಮಲಗುವ ಅತ್ತೆಯನ್ನು, ತೊಟ್ಟಿಲ ಕೂಸನ್ನು ಅವಳು ಇಲ್ಲಿ ಹೊತ್ತಿದ್ದಳು. ಆ ವರ್ಷವೇ ನಾಲ್ವರು ಕೂರುವ ಹಳೆಯ ಕಾರೊಂದನ್ನು ಕೊಂಡೆ. ಅದರಲ್ಲಿ ಅವ್ವ ಎಂದೂ ಕಿಟಕಿ ಮುಚ್ಚಗೊಡಲಿಲ್ಲ.

ನಿಮ್ಮ ಪ್ರಬಂಧಗಳನ್ನು ತಿದ್ದುವಾಗ ನಾನು 'ಕಡಿಮೆ ಮಾಡಿ' ಎಂದು ಅಂಚಿನಲ್ಲಿ ಬರೆಯುತ್ತೇನೆ. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುತ್ತಾರೆಂದು ವ್ಯಾಕರಣಕಾರರ ಬಗ್ಗೆ ಹಳೆಯ ಮಾತಿದೆ. ಹಗುರ ಒಳ್ಳೆಯದು, ಮಾಳಿಗೆಯ ಕೆಳಗಿಂದ ಬಂದವನಾಗಿ ಈ ಮಾತನ್ನು ಇಂದಿಗೂ ಹೇಳುತ್ತೇನೆ. ಆದರೆ ಒಂದು ವಾಕ್ಯವನ್ನು ಹೊಡೆದುಹಾಕುವಾಗ ಅದು ಹೊತ್ತಿದ್ದ ಅರ್ಥವನ್ನು ಈಗ ಯಾರು ಹೊರುತ್ತಾರೆ, ಉಳಿದ ವಾಕ್ಯವೋ ಬಡಪಾಯಿ ಓದುಗನೋ ಎಂದು ಒಮ್ಮೆ ಕೇಳಿಕೊಳ್ಳಿ.

ಅವ್ವ 2017ರಲ್ಲಿ ತೀರಿಕೊಂಡಳು. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಈ ವರ್ಷ ಮೂರನೆಯ ಬಾರಿ ಮಾಡಿಸಿದೆ. ಏಕೆಂದರೆ ಪ್ರತಿ ಸೆಪ್ಟೆಂಬರ್ 30ರ ನಸುಕಿನಲ್ಲಿ ನಾವು ತಾಯಿ ಮಗ ಛಾವಣಿ ತೆರೆದು ನಿಲಂಗಾ ದಾಟಿ ಸಾಸ್ತೂರಿಗೆ ಹೋಗುತ್ತಿದ್ದೆವು. ಅವಳ ನಂತರ ಒಬ್ಬನೇ ಹೋಗುತ್ತಿದ್ದೆ. ಈ ಬಾರಿ ಮಗಳು ತಾನು ಓಡಿಸುತ್ತೇನೆಂದಳು. ನಾನು ಅವ್ವನ ಆಸನದಲ್ಲಿ ಕುಳಿತೆ. ದಾರಿಯುದ್ದಕ್ಕೂ ಅವಳು ಅಜ್ಜಿಯ ಬಗ್ಗೆ ಮರಾಠಿಯಲ್ಲಿ ಕೇಳಿದಳು, ನಾನು ಕನ್ನಡದಲ್ಲಿ ಹೇಳಿದೆ.

ಮರಳಿ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕಾರಿನ ಸುತ್ತ ಒಂದು ಸಲ ನಡೆದು, "ಮುಂದಿನ ವರ್ಷ ನಾನು ಮತ್ತು ಇವಳು ಹೋಗುತ್ತೇವೆ. ನೀವು ಎಸ್.ಟಿ.ಯಲ್ಲಿ ಬನ್ನಿ" ಎಂದಳು.

ಒಪ್ಪಿಕೊಂಡಿದ್ದೇನೆ. ನಿಲಂಗಾದ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಬೇಕು.