ಲೆಕ್ಕ ಕೇಳದ ಮನೆ

ಕಾದಂಬರಿ ಓದುವವರಲ್ಲಿ ಎರಡು ಪಂಗಡ: ಓದಿದ್ದನ್ನು ನಾಲ್ಕು ಜನರೆದುರು ಹೇಳಿಕೊಳ್ಳುವವರು, ಓದಿ ದಿಂಬಿನ ಕೆಳಗೆ ಇಡುವವರು. ಮೊದಲನೆಯವರು ಕಾರಂತರನ್ನೂ ಭೈರಪ್ಪನವರನ್ನೂ ಓದುತ್ತಾರೆ. ಎರಡನೆಯವರು ಸಾಯಿಸುತೆಯವರನ್ನೂ ಉಷಾ ನವರತ್ನರಾಂ ಅವರನ್ನೂ ಓದುತ್ತಾರೆ. ಕನ್ನಡದಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಪಂಪನನ್ನು ಪಾಠ ಹೇಳುವವನು ಯಾವ ಪಂಗಡಕ್ಕೆ ಸೇರಬೇಕೆಂಬುದನ್ನು ಲೋಕವೇ ತೀರ್ಮಾನಿಸಿಬಿಟ್ಟಿದೆ. ಆದರೆ ಉತ್ತರಪತ್ರಿಕೆಗಳ ಕಟ್ಟನ್ನು ಕೊನೆಗೂ ಮುಗಿಸಿ ಪಕ್ಕಕ್ಕಿಟ್ಟ ರಾತ್ರಿ ನನ್ನ ಕೈ ಪಂಪನ ಕಡೆಗೆ ಹೋಗುವುದಿಲ್ಲ. ದಿಂಬಿನ ಕಡೆಗೇ ಹೋಗುತ್ತದೆ.

ಆ ಕಾದಂಬರಿಗಳ ಲೋಕ ನಿಮಗೂ ಪರಿಚಿತವೇ. ದೊಡ್ಡ ಬಂಗಲೆ, ಮುಂದೆ ಹುಲ್ಲುಹಾಸು, ಪೋರ್ಟಿಕೋದಲ್ಲಿ ಕಾರು. ಮಲೆನಾಡಿನಲ್ಲಿ ಎಲ್ಲೋ ಒಂದು ಕಾಫಿ ಎಸ್ಟೇಟು. ಅದು ತನ್ನಷ್ಟಕ್ಕೆ ತಾನು ಫಸಲು ಕೊಡುತ್ತದೆ. ಯಜಮಾನರು ಅಲ್ಲಿಗೆ ಹೋಗುವುದು ಮನಸ್ಸು ಬೇಸರವಾದಾಗ ಮಾತ್ರ. ವಿದೇಶದಿಂದ ಬಂದ ಮಗ, ಹಠಮಾರಿ ತಾಯಿ, ಸ್ವಾಭಿಮಾನದ ಹುಡುಗಿ. ಹತ್ತು ನಿಮಿಷ ಕುಳಿತು ಮಾತನಾಡಿದ್ದರೆ ತೀರಿಹೋಗುತ್ತಿದ್ದ ಒಂದು ತಪ್ಪು ತಿಳಿವಳಿಕೆ ಇನ್ನೂರು ಪುಟ ಬೆಳೆಯುತ್ತದೆ. ಕೊನೆಯಲ್ಲಿ ಮದುವೆ. ನಡುವೆ ಎಷ್ಟೋ ಸಲ ಕಾಫಿ ಬರುತ್ತದೆ. ಹಾಲಿನವನ ಬಾಕಿ ಒಮ್ಮೆಯೂ ಬರುವುದಿಲ್ಲ.

ನನ್ನ ಸಹೋದ್ಯೋಗಿ ಮಿತ್ರರೊಬ್ಬರಿಗೆ ಇದನ್ನು ಕಂಡರಾಗದು. "ಇದು ಪಲಾಯನ ಮಾರಾಯ್ರೆ, ಶುದ್ಧ ಪಲಾಯನ. ಬಡವರ ಕೈಗೆ ಸಿರಿವಂತರ ಮನೆಯ ಚಿತ್ರ ಕೊಟ್ಟು ಸುಮ್ಮನೆ ಕೂರಿಸುವ ಉಪಾಯ" ಎನ್ನುತ್ತಾರೆ. ಇರಬಹುದು. ಆದರೆ ಓದುಗ ಎಲ್ಲಿಗೆ ಓಡುತ್ತಾನೆಂದು ವಿಚಾರಿಸುವ ವಿಮರ್ಶಕರು, ಯಾವುದರಿಂದ ಓಡುತ್ತಾನೆಂದು ಯಾಕೋ ಕೇಳುವುದಿಲ್ಲ.

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ವಿಶ್ವವಿದ್ಯಾನಿಲಯದಲ್ಲಲ್ಲ, ಕಾರ್ಕಳದ ಒಂದು ಜಗಲಿಯಲ್ಲಿ. ನಾನು ಹುಡುಗನಾಗಿದ್ದಾಗ ನೆರೆಮನೆಯ ಜಗಲಿಯಲ್ಲಿ ಮಧ್ಯಾಹ್ನ ಏಳೆಂಟು ಮಂದಿ ಹೆಂಗಸರು ಸೇರಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಮಣಿಪಾಲದಿಂದ 1983ರಲ್ಲಿ 'ತರಂಗ' ಹೊರಡತೊಡಗಿದ ಮೇಲೆ ವಾರಪತ್ರಿಕೆ ಎಂಬುದು ನಮ್ಮ ಕಡೆ ಮನೆಯ ಸಾಮಾನಾಗಿತ್ತು. ಅವರಲ್ಲಿ ಶಾಲೆ ಕಲಿತಿದ್ದ ಒಬ್ಬಾಕೆ ಧಾರಾವಾಹಿಯನ್ನು ಗಟ್ಟಿಯಾಗಿ ಓದುವಳು. ಉಳಿದವರು ಕೈ ನಿಲ್ಲಿಸದೆ ಕೇಳುವರು. ಓದುವವಳ ಪಾಲಿನ ಬೀಡಿಯನ್ನು ಎಲ್ಲರೂ ಹಂಚಿಕೊಂಡು ಕಟ್ಟಿಕೊಡುತ್ತಿದ್ದರು.

ಕ್ಯೂಬಾ ದೇಶದ ಹವಾನಾ ನಗರದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದಲೇ ಇಂಥ ಪದ್ಧತಿ ಇತ್ತೆಂದು ಬಹಳ ವರ್ಷಗಳ ಮೇಲೆ ಓದಿದೆ. ಕೆಲಸಗಾರರು ತಮ್ಮ ಕೂಲಿಯಲ್ಲೇ ಸ್ವಲ್ಪ ಸ್ವಲ್ಪ ತೆಗೆದು ಓದುವವನಿಗೆ ಕೊಡುತ್ತಿದ್ದರಂತೆ. ಅಲ್ಲಿಯವರಿಗೆ ಮೆಚ್ಚಿನದು ಡ್ಯೂಮಾನ 'ಮಾಂಟೆ ಕ್ರಿಸ್ಟೋ'. ಎಂದರೆ ಎಣಿಸಲಾಗದಷ್ಟು ನಿಧಿ ಸಿಕ್ಕಿದವನ ಕಥೆ. 1935ರಲ್ಲಿ ಬಂದ ಒಂದು ಚುಟ್ಟಾಕ್ಕೆ ಅದರದೇ ಹೆಸರಾಯಿತು. ಹವಾನಾಕ್ಕೂ ಕಾರ್ಕಳಕ್ಕೂ ದೂರ ಬಹಳ. ಕೂಲಿಯವರ ರುಚಿಗೆ ಅಷ್ಟು ದೂರವಿಲ್ಲ.

ಒಂದು ದಿನ ನಾನು, "ದೊಡ್ಡಮ್ಮ, ನಿಮಗೂ ಅಂಥ ಬಂಗಲೆ ಬೇಕೆಂದು ಆಸೆಯಾಗುವುದಿಲ್ಲವೇ?" ಎಂದು ಅವರಲ್ಲಿ ಹಿರಿಯರೊಬ್ಬರನ್ನು ಕೇಳಿದೆ. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: "ನಮಗೆ ಯಾಕೆ ಮಗಾ? ಅಷ್ಟು ದೊಡ್ಡ ಮನೆ ಗುಡಿಸುವವರು ಯಾರು? ಆದರೆ ಅಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ, ನೋಡು."

ಸಂಜೆಯಾದರೆ ಬೀಡಿ ಬ್ರಾಂಚಿಗೆ ಹೋಗಬೇಕು. ಕೊಟ್ಟ ಎಲೆ ಎಷ್ಟು, ಬಂದ ಬೀಡಿ ಎಷ್ಟು, ಸರಿಯಿಲ್ಲವೆಂದು ಬದಿಗೆ ಎಸೆದದ್ದು ಎಷ್ಟು, ಎಲ್ಲಕ್ಕೂ ಲೆಕ್ಕ. ಮನೆಗೆ ಬಂದರೆ ಅಕ್ಕಿಯ ಲೆಕ್ಕ, ಮಗಳ ಫೀಸಿನ ಲೆಕ್ಕ. ಅವರು ಓಡುತ್ತಿದ್ದದ್ದು ಬಡತನದಿಂದ ಎನ್ನುವುದಕ್ಕಿಂತ ಎಣಿಕೆಯಿಂದ ಎನ್ನಬೇಕು.

ಎಣಿಕೆಗೆ ನಮ್ಮ ಜಿಲ್ಲೆಯಂಥ ಜಿಲ್ಲೆ ಇನ್ನೊಂದಿಲ್ಲ. 1906ನೆಯ ಒಂದೇ ವರ್ಷದಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದವು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತೆರೆಯಿತು. ಬ್ಯಾಂಕಿನವರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ಬರೆದುಕೊಂಡು ಹೋಗುವರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದು ಕಲಿಸಿದ ಅಭ್ಯಾಸ ಹೋಗಲಿಲ್ಲ. ಹಾಗೆ ಕೂಡಿದ ಹಣದಿಂದ ಶಾಲೆ, ಆಸ್ಪತ್ರೆ, ಮಣಿಪಾಲವೆಂಬ ಊರೇ ಆಯಿತು. ದೊಡ್ಡ ಸಾಧನೆ, ನಿಜ. ಆದರೆ ಹಗಲೆಲ್ಲ ಎರಡಾಣೆ ಎಣಿಸಿದ ಊರು ರಾತ್ರಿ ಎಣಿಸದವರ ಕಥೆ ಓದಿದರೆ ಅದನ್ನು ನೀತಿಗೇಡೆನ್ನಬೇಕೆ?

ಇದು ವಾರಪತ್ರಿಕೆಯವರು ಹೊಸದಾಗಿ ಕಲಿಸಿದ ರುಚಿಯೂ ಅಲ್ಲ. ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನಿದ್ದಾನೆ, ಎಲ್ಲವನ್ನೂ ಬಿಟ್ಟವನು. ಮುಂದಿನ ಶತಮಾನದಲ್ಲಿ ಇಲ್ಲಿಗೆ ಸಮೀಪದ ಮೂಡಬಿದಿರೆಯ ರತ್ನಾಕರವರ್ಣಿ ಬರೆದದ್ದು ಮಾತ್ರ ಆತನ ಅಣ್ಣ ಭರತನ ವೈಭವ. 'ಭರತೇಶ ವೈಭವ'ದ ಮೊದಲ ಭಾಗದ ಹೆಸರೇ ಭೋಗವಿಜಯ. ಚಕ್ರವರ್ತಿಯ ಊಟ, ರಾಣಿಯರ ಸರಸ, ಅರಮನೆಯ ಮಾತುಕತೆಗಳನ್ನು ಕವಿ ಆತುರವಿಲ್ಲದೆ ವರ್ಣಿಸುತ್ತಾನೆ. ಬೆಟ್ಟದ ಮೇಲಿನ ತ್ಯಾಗಕ್ಕೆ ಕೈಮುಗಿದ ಜನವೇ ಕೆಳಗೆ ಬಂದು ಈ ಸಾಂಗತ್ಯವನ್ನು ಹಾಡಿ ಸಂತೋಷಪಟ್ಟಿತು.

ಹಾಗೆಂದು ಎಲ್ಲ ಪುಸ್ತಕಗಳ ತೂಕವೂ ಒಂದೇ ಎನ್ನಲಾರೆ. ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲಿಯೂ ಎಸ್ಟೇಟಿದೆ, ಬಂಗಲೆಯಿದೆ, ಒಬ್ಬಳೇ ಮಗಳಿದ್ದಾಳೆ. ಆದರೆ ಆ ಮನೆಯಲ್ಲಿ ತಡವಾಗಿ ಗಂಡುಮಗು ಹುಟ್ಟಿತೆಂದು ತಿಳಿದೊಡನೆ ನಿಶ್ಚಯವಾಗಿದ್ದ ವರ ಹಿಂದೆ ಸರಿಯುತ್ತಾನೆ. ಹುಡುಗಿಯ ಜೊತೆಗೆ ಆಸ್ತಿಯನ್ನೂ ಕೂಡಿಸಿ ನೋಡುತ್ತಿದ್ದ ಲೆಕ್ಕ ಅಲ್ಲಿ ಬಯಲಾಗುತ್ತದೆ. ಬಂಗಲೆಯೊಳಗೂ ಲೆಕ್ಕದ ಪುಸ್ತಕವಿದೆಯೆಂದು ತೋರಿಸುವ ಕಾದಂಬರಿ ದೊಡ್ಡದು. ಆದರೆ ಅದಕ್ಕೆ ಎದೆ ಮರುಗಬೇಕಾದರೆ, ಆ ಮನೆಯನ್ನು ಹಿಂದೆ ಹತ್ತು ಸಲವಾದರೂ ಸುಖವಾಗಿ ಹೊಕ್ಕು ಬಂದಿರಬೇಕು.

ಈಚೆಗೆ ತರಗತಿಯಲ್ಲಿ, ಯಾರು ಯಾವ ಕಾದಂಬರಿ ಓದಿದ್ದೀರಿ ಎಂದು ಕೇಳಿದೆ. ಕಾಪುವಿನ ಕಡೆಯಿಂದ ಬರುವ ಹುಡುಗಿಯೊಬ್ಬಳು, "ಏನೂ ಓದಿಲ್ಲ ಸರ್" ಎಂದಳು. ಪಕ್ಕದವಳು ಮುಸಿಮುಸಿ ನಕ್ಕಳು. ಅಮ್ಮ ತಂದಿಡುವ ಹಳೆಯ ಕಾದಂಬರಿಗಳನ್ನೆಲ್ಲ ಆಕೆ ಓದಿ ಮುಗಿಸಿದ್ದಳೆಂದು ಆಮೇಲೆ ತಿಳಿಯಿತು. ಅವು ಲೆಕ್ಕಕ್ಕೆ ಬರುವುದಿಲ್ಲವೆಂದು ಯಾರೋ ಅವಳಿಗೆ ಕಲಿಸಿದ್ದರು. ನಮ್ಮ ಕಸುಬಿನವರೇ ಇರಬೇಕು. ಓದುವವಳ ಬಾಯಿಂದ ಓದಿಲ್ಲ ಎನ್ನಿಸುವ ವಿಮರ್ಶೆಯಿಂದ ಸಾಹಿತ್ಯಕ್ಕೇನು ಲಾಭ? "ಒಂದನ್ನು ನನಗೂ ಕೊಡಮ್ಮ" ಎಂದೆ.

ಮರುದಿನ ಹಳೆಯ ಪತ್ರಿಕೆಯ ಹೊದಿಕೆ ಹಾಕಿದ ಪುಸ್ತಕವೊಂದನ್ನು ತಂದುಕೊಟ್ಟಳು. ಕೊನೆಯ ಎರಡು ಹಾಳೆ ಇರಲಿಲ್ಲ. ಮದುವೆಯಾಯಿತೆಂಬುದು ಇಬ್ಬರಿಗೂ ಗೊತ್ತಿದ್ದುದರಿಂದ ಅದರಿಂದೇನೂ ತೊಂದರೆಯಾಗಲಿಲ್ಲ.